ಸೂಟ್‌ಕೇಸ್ ಕೊನೆಗಿರಲಿ: ವಿದೇಶಕ್ಕೆ ಹೊರಡುವ ಮುಂಚೆ ಮಾಡಬೇಕಾದ್ದು

ವಿದೇಶಕ್ಕೆ ಹೋಗುವುದು ನಿಕ್ಕಿಯಾದ ಕೂಡಲೇ ಮನೆಯಲ್ಲಿ ಸೂಟ್‌ಕೇಸ್ ಕೆಳಗಿಳಿಯುತ್ತದೆ. ಎಷ್ಟು ಜೊತೆ ಬಟ್ಟೆ, ಯಾವ ಶೂ, ಸ್ವೆಟರ್ ಬೇಕೋ ಬೇಡವೋ ಎಂಬ ಚರ್ಚೆ ಶುರುವಾಗುತ್ತದೆ. ನಿಜ ಹೇಳಬೇಕೆಂದರೆ ಇವೆಲ್ಲ ಹೊರಡುವ ಹಿಂದಿನ ದಿನ ಮಾಡಿದರೂ ನಡೆಯುವ ಕೆಲಸ. ಮರೆತು ಬಂದ ಅಂಗಿ, ಬ್ರಶ್ಶು, ಛತ್ರಿ ಯಾವ ಊರಲ್ಲಾದರೂ ಸಿಕ್ಕೀತು. ಆದರೆ ಅವಧಿ ಉಳಿದಿರುವ ಪಾಸ್‌ಪೋರ್ಟ್, ಸರಿಯಾದ ವೀಸಾ, ನೀವು ದಿನಾ ನುಂಗುವ ಅದೇ ಮಾತ್ರೆ, ಬ್ಯಾಂಕಿನ ಒಟಿಪಿ ಬರುವ ಅದೇ ಸಿಮ್ ಮಾತ್ರ ಎಷ್ಟು ದುಡ್ಡು ಸುರಿದರೂ ಅಲ್ಲಿ ಸಿಗುವುದಿಲ್ಲ. ತಯಾರಿ ಎಂದರೆ ಮುಖ್ಯವಾಗಿ ಇವುಗಳದ್ದೇ. ಅದಕ್ಕೇ ಇಲ್ಲಿ ಸೂಟ್‌ಕೇಸಿನ ಸರದಿ ಕೊನೆಗೆ.

ಅವಧಿ ಇದ್ದರೂ ಸಾಲದ ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ, ಪ್ರವಾಸ ಹತ್ತೇ ದಿನದ್ದು. ಸಾಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅನೇಕ ದೇಶಗಳು ನೀವು ಅಲ್ಲಿ ಕಾಲಿಟ್ಟ ದಿನದಿಂದ ಆರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು ಎನ್ನುತ್ತವೆ. ಬಂದವರು ಕಾಯಿಲೆ ಬಿದ್ದೋ ವಿಮಾನ ರದ್ದಾಗಿಯೋ ಉಳಿದುಕೊಂಡರೆ, ಅವಧಿ ಮೀರಿದ ದಾಖಲೆ ಹಿಡಿದವರನ್ನು ವಾಪಸ್ ಕಳಿಸುವ ತಲೆನೋವು ಯಾವ ಸರ್ಕಾರಕ್ಕೂ ಬೇಡ. ಯುರೋಪಿನ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಕೂಟದ, ಲೆಕ್ಕ ಸ್ವಲ್ಪ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಅವಧಿ ಉಳಿದಿರಬೇಕು, ಜೊತೆಗೆ ಪಾಸ್‌ಪೋರ್ಟ್ ಕೊಟ್ಟ ದಿನಾಂಕದಿಂದ ಹತ್ತು ವರ್ಷ ದಾಟಿರಬಾರದು. ಈ ಎರಡನೆಯ ಷರತ್ತು ಬಹಳ ಮಂದಿಯ ಕಣ್ಣಿಗೆ ಬೀಳುವುದೇ ಇಲ್ಲ. 2018ರವರೆಗೆ ಬ್ರಿಟನ್ ಹಳೆಯ ಪಾಸ್‌ಪೋರ್ಟಿನಲ್ಲಿ ಉಳಿದ ತಿಂಗಳುಗಳನ್ನು ಹೊಸದಕ್ಕೆ ಸೇರಿಸಿ ಕೊಡುತ್ತಿತ್ತು. ಹಾಗೆ ಪಡೆದವರು ‘ಇನ್ನೂ ಅವಧಿ ಇದೆಯಲ್ಲ’ ಎಂದುಕೊಂಡು ಬಂದು ಕೌಂಟರಿನಲ್ಲಿ ಸಿಕ್ಕಿಬಿದ್ದದ್ದುಂಟು.

ಕೌಂಟರ್ ಎಂದದ್ದಕ್ಕೆ ಕಾರಣವಿದೆ. ದಾಖಲೆ ಸರಿಯಿಲ್ಲದವರನ್ನು ಮೊದಲು ತಡೆಯುವುದು ಆ ದೇಶದ ಅಧಿಕಾರಿಯಲ್ಲ, ನೀವು ಹೊರಡುವ ವಿಮಾನ ನಿಲ್ದಾಣದ ಚೆಕ್-ಇನ್ ಸಿಬ್ಬಂದಿ. ಗಡಿಯಲ್ಲಿ ತಿರಸ್ಕೃತರಾದವರನ್ನು ವಾಪಸ್ ತರುವ ಹೊಣೆ ವಿಮಾನ ಸಂಸ್ಥೆಯ ಮೇಲೆ ಬೀಳುತ್ತದೆ, ಮೇಲೆ ದಂಡವೂ ಇರುತ್ತದೆ. ಹಾಗಾಗಿ ಅವರು ಟಿಮ್ಯಾಟಿಕ್ ಎಂಬ ದತ್ತಾಂಶವನ್ನು ನೋಡಿ ತೀರ್ಮಾನಿಸುತ್ತಾರೆ. ಇದು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಯಾಟಾ ನಡೆಸುವ, ದೇಶದೇಶಗಳ ಪ್ರವೇಶ ನಿಯಮಗಳ ಭಂಡಾರ. ಅಲ್ಲಿ ‘ಇಲ್ಲ’ ಎಂದಿದ್ದರೆ ‘ನನ್ನ ಸ್ನೇಹಿತ ಹೋದ ತಿಂಗಳು ಹೀಗೇ ಹೋಗಿಬಂದ’ ಎಂಬ ವಾದ ನಡೆಯುವುದಿಲ್ಲ. ಕೆಲವು ವಿಮಾನ ಸಂಸ್ಥೆಗಳ ಜಾಲತಾಣಗಳಲ್ಲಿ ಇದೇ ಮಾಹಿತಿಯನ್ನು ಪ್ರಯಾಣಿಕರೂ ನೋಡಬಹುದು. ಟಿಕೆಟ್ ಕೊಳ್ಳುವ ಮುಂಚೆ ನೋಡಿದರೆ ಒಳ್ಳೆಯದು.

ಇನ್ನು ಹೆಸರು. ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ತಳದಲ್ಲಿ ಬಾಣದ ಗುರುತುಗಳು ತುಂಬಿರುವ ಎರಡು ಸಾಲುಗಳಿವೆಯಲ್ಲ, ಯಂತ್ರ ಓದುವುದು ಅದನ್ನೇ. ಒಂದೊಂದು ಸಾಲಿಗೆ 44 ಅಕ್ಷರ, ಅದರಲ್ಲಿ ಹೆಸರಿಗೆ ಸಿಗುವುದು 39 ಜಾಗ. ಮೊದಲು ಉಪನಾಮ, ಆಮೇಲೆ ಕೊಟ್ಟ ಹೆಸರು. ಟಿಕೆಟ್ ಮಾಡುವಾಗ ಆ ಸಾಲನ್ನು ಕಣ್ಣೆದುರಿಗಿಟ್ಟುಕೊಂಡು, ಅಲ್ಲಿರುವ ಕಾಗುಣಿತದಲ್ಲೇ ಟೈಪ್ ಮಾಡಬೇಕು. ಎಲ್ಲರೂ ಕರೆಯುವ ಹೆಸರು, ಮದುವೆಯ ನಂತರ ಬದಲಾದ ಹೆಸರು, ಇನಿಷಿಯಲ್ ಇವೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ. ಒಂದೇ ಹೆಸರಿರುವವರು ವಿಮಾನ ಸಂಸ್ಥೆಯನ್ನು ಕೇಳಿಯೇ ಫಾರಂ ತುಂಬಬೇಕು. ಕೆಲವರು ಅದೇ ಹೆಸರನ್ನು ಎರಡೂ ಕಡೆ ಹಾಕಿ ಎನ್ನುತ್ತಾರೆ, ಕೆಲವರ ಪದ್ಧತಿ ಬೇರೆ. ಪಾಸ್‌ಪೋರ್ಟ್ ಒದ್ದೆಯಾಗಿ ಉಬ್ಬಿದ್ದರೆ, ಫೋಟೊ ಪುಟದ ಅಂಚು ಬಿಟ್ಟುಕೊಂಡಿದ್ದರೆ ಈಗಲೇ ಬದಲಿಸಿ. ಖಾಲಿ ಪುಟ ಎರಡಾದರೂ ಉಳಿದಿರಲಿ.

ವೀಸಾ: ಮಧ್ಯದ ನಿಲ್ದಾಣವೂ ಒಂದು ದೇಶ

ತಲುಪುವ ದೇಶದ ವೀಸಾವನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ವಿಮಾನ ಬದಲಿಸುವ ದೇಶದ್ದು. ಒಂದೇ ಟಿಕೆಟಿನಲ್ಲಿ ಎರಡು ವಿಮಾನಗಳಿದ್ದರೆ ಸಾಮಾನ್ಯವಾಗಿ ಲಗೇಜು ತಾನೇ ಮುಂದಕ್ಕೆ ಹೋಗುತ್ತದೆ, ನೀವು ಒಳಗಿನಿಂದಲೇ ಮುಂದಿನ ಗೇಟಿಗೆ ನಡೆಯುತ್ತೀರಿ. ಅಗ್ಗವೆಂದು ಎರಡು ಬೇರೆಬೇರೆ ಟಿಕೆಟ್ ಕೊಂಡಿದ್ದರೆ ಕತೆಯೇ ಬೇರೆ: ಇಮಿಗ್ರೇಷನ್ ದಾಟಿ ಹೊರಗೆ ಬಂದು, ಬೆಲ್ಟಿನಿಂದ ಪೆಟ್ಟಿಗೆ ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಹೊರಗೆ ಬರುವುದೆಂದರೆ ಆ ದೇಶವನ್ನು ಪ್ರವೇಶಿಸಿದಂತೆ. ಅದಕ್ಕೆ ವೀಸಾ ಬೇಕು. ಅಮೆರಿಕದಲ್ಲಂತೂ ಟಿಕೆಟ್ ಒಂದೇ ಆಗಿದ್ದರೂ, ಇನ್ನೊಂದು ದೇಶಕ್ಕೆ ಹೋಗುವ ವಿಮಾನ ಹಿಡಿಯಲಿಕ್ಕೇ ಇಳಿದಿದ್ದರೂ ಇಮಿಗ್ರೇಷನ್ ದಾಟಲೇಬೇಕು. ಅಗ್ಗದ ಟಿಕೆಟಿನಲ್ಲಿ ಉಳಿಸಿದ್ದು ಟ್ರಾನ್ಸಿಟ್ ವೀಸಾದ ಶುಲ್ಕಕ್ಕೆ ಸರಿಹೋಗುವ ಸಂದರ್ಭಗಳು ಕಡಿಮೆಯೇನಲ್ಲ.

ವೀಸಾ ಕೈಗೆ ಬಂದ ಮೇಲೆ ಅದರ ಮೇಲೆ ಬರೆದದ್ದನ್ನು ಓದಿ. ಎಷ್ಟು ಬಾರಿ ಪ್ರವೇಶ, ಎಷ್ಟು ದಿನ ವಾಸ, ಯಾವ ದಿನಾಂಕದವರೆಗೆ ಚಾಲ್ತಿ ಇವು ಮೂರೂ ಬೇರೆಬೇರೆ ಸಂಗತಿಗಳು. ಒಂದೇ ಪ್ರವೇಶದ ಷೆಂಗೆನ್ ವೀಸಾದಲ್ಲಿ ಪ್ಯಾರಿಸ್ ನೋಡಿ, ರೈಲಿನಲ್ಲಿ ಲಂಡನ್ನಿಗೆ ಹೋಗಿ, ಮತ್ತೆ ಪ್ಯಾರಿಸಿಗೆ ಬರಲು ಆಗದು. ಬ್ರಿಟನ್ ಷೆಂಗೆನ್ ವಲಯದಲ್ಲಿಲ್ಲ. ‘180 ದಿನಗಳಲ್ಲಿ 90 ದಿನ’ ಎಂಬ ನಿಯಮವನ್ನು ವರ್ಷದ ಎರಡು ಭಾಗಗಳೆಂದು ಎಣಿಸುವವರಿದ್ದಾರೆ. ಹಾಗಲ್ಲ. ಅಲ್ಲಿ ಇರುವ ಯಾವುದೇ ದಿನದಿಂದ ಹಿಂದಕ್ಕೆ 180 ದಿನ ಎಣಿಸಿದರೂ ಅದರಲ್ಲಿ ನೀವು ಆ ವಲಯದೊಳಗೆ ಕಳೆದದ್ದು 90 ದಿನ ಮೀರಿರಬಾರದು. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. 2025ರ ಅಕ್ಟೋಬರ್ 12ರಿಂದ ಅಲ್ಲಿನ ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೊ ಪಡೆದು ಕಂಪ್ಯೂಟರಿನಲ್ಲೇ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ, ಅಳಿಸಿದ ಮುದ್ರೆಯ ನೆಪ ಹೇಳಿ ದಿನ ಜಾಸ್ತಿ ಮಾಡಿಕೊಳ್ಳುವ ಕಾಲವೂ ಮುಗಿಯಿತು. ಅಮೆರಿಕದ ವೀಸಾದ ಕೊನೆಯ ದಿನಾಂಕಕ್ಕೂ ಅಲ್ಲಿ ಇರಬಹುದಾದ ದಿನಗಳಿಗೂ ಸಂಬಂಧವಿಲ್ಲ. ಆ ದಿನಾಂಕ ಗಡಿಯ ತನಕ ಬರಲು ಇರುವ ಗಡುವು; ಎಷ್ಟು ದಿನ ಇರಬಹುದೆಂದು ಹೇಳುವುದು ಐ-94 ಎಂಬ ಬೇರೆ ದಾಖಲೆ.

ವೀಸಾ ಬೇಡವೆನ್ನುವ ದೇಶಗಳಲ್ಲೂ ಈಗ ಆನ್‌ಲೈನ್ ಪೂರ್ವಾನುಮತಿಯ ಪದ್ಧತಿ ಹೆಚ್ಚುತ್ತಿದೆ. ಅಮೆರಿಕದ ಎಸ್ಟಾ, ಬ್ರಿಟನ್ನಿನ ಇಟಿಎ ಇದೇ ಜಾತಿಯವು. ಇವುಗಳ ಹೆಸರಿನಲ್ಲಿ ಹುಡುಕಿದರೆ ಸರ್ಕಾರಿ ತಾಣದಂತೆಯೇ ಕಾಣುವ ಮಧ್ಯವರ್ತಿಗಳ ತಾಣಗಳು ಮೊದಲು ಬರುತ್ತವೆ, ಅದೇ ಅರ್ಜಿಗೆ ಹಲವು ಪಟ್ಟು ವಸೂಲಿ ಮಾಡುತ್ತವೆ. ವಿಳಾಸದ ಸಾಲನ್ನು ಓದಿದ ಮೇಲೆ ಕಾರ್ಡ್ ನಂಬರು ಕೊಡಿ.

ವಾಪಸ್ ಟಿಕೆಟ್, ಉಳಿಯುವ ಜಾಗದ ವಿಳಾಸ, ಕರೆದವರಿದ್ದರೆ ಅವರ ಪತ್ರ ಇವುಗಳನ್ನು ಕಾಗದದಲ್ಲೇ ಇಟ್ಟುಕೊಳ್ಳಿ. ಅಧಿಕಾರಿ ಕೇಳುವ ಹೊತ್ತಿಗೆ ಮೊಬೈಲ್ ಚಾರ್ಜ್ ಮುಗಿದಿರುತ್ತದೆ, ವೈಫೈ ಸಿಗುವುದಿಲ್ಲ. ಮಕ್ಕಳ ಜೊತೆ ತಂದೆ ಅಥವಾ ತಾಯಿ ಒಬ್ಬರೇ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ, ಮಗುವಿನ ಜನನ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ಮಕ್ಕಳ ಕಳ್ಳಸಾಗಣೆಯ ಭಯದಿಂದ ಗಡಿಗಳಲ್ಲಿ ಇದನ್ನು ಕೇಳುವುದುಂಟು. ಅಲ್ಲಿ ಕಾರು ಓಡಿಸುವ ಯೋಚನೆಯಿದ್ದರೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಯಾವ ಒಪ್ಪಂದದ್ದೆಂದು ನೋಡಿಕೊಳ್ಳಿ: 1949ರ ಜಿನೀವಾ ಒಪ್ಪಂದದ್ದು ಬೇರೆ, 1968ರ ವಿಯೆನ್ನಾ ಒಪ್ಪಂದದ್ದು ಬೇರೆ. ಜಪಾನ್ ಮೊದಲನೆಯದನ್ನಷ್ಟೇ ಒಪ್ಪುತ್ತದೆ. ಚೀನಾ ಎರಡನ್ನೂ ಒಪ್ಪುವುದಿಲ್ಲ.

ಲಸಿಕೆ, ಮಾತ್ರೆ, ವಿಮೆ

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗುವವರಿಗೆ, ಅಲ್ಲಿಂದ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಲಸಿಕೆ ಹಾಕಿಸಿದ 10 ದಿನದ ಮೇಲಷ್ಟೇ ಆ ಪತ್ರಕ್ಕೆ ಬೆಲೆ. ಹಿಂದೆ ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು; 2016ರ ಜುಲೈ 11ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನಿಯಮದಂತೆ ಒಮ್ಮೆ ಹಾಕಿಸಿದ್ದು ಜೀವನಪೂರ್ತಿ ನಡೆಯುತ್ತದೆ. ಸೋಂಕಿರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದಿದ್ದರೂ ಹಲವು ದೇಶಗಳು ಪ್ರಮಾಣಪತ್ರ ಕೇಳುತ್ತವೆ. ಬೇರೆ ಲಸಿಕೆಗಳ ಬಗ್ಗೆ ಹೊರಡುವ ನಾಲ್ಕರಿಂದ ಆರು ವಾರ ಮುಂಚೆ ವೈದ್ಯರನ್ನು ಕಾಣುವುದು ವಾಡಿಕೆ. ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು, ದೇಹ ಪ್ರತಿರೋಧ ಬೆಳೆಸಿಕೊಳ್ಳಲೂ ಸಮಯ ಬೇಕು.

ಔಷಧದ ವಿಷಯಕ್ಕೆ ಜನ ಕೊಡುವ ಗಮನ ಸಾಲದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ದೇಶದ ಔಷಧದಂಗಡಿಯಲ್ಲಿ ಸಲೀಸಾಗಿ ಸಿಗುವುದು ಇನ್ನೊಂದು ದೇಶದಲ್ಲಿ ಮಾದಕವಸ್ತುವಿನ ಪಟ್ಟಿಯಲ್ಲಿರಬಹುದು. ಗಮನದ ಕೊರತೆಗೆ ಕೊಡುವ ಆಂಫೆಟಮಿನ್ ಇರುವ ಮಾತ್ರೆಗಳಿಗೆ ಜಪಾನಿನಲ್ಲಿ ವೈದ್ಯರ ಚೀಟಿ ಇದ್ದರೂ ಪ್ರವೇಶವಿಲ್ಲ. ಮೂಗು ಕಟ್ಟಿದಾಗ ನುಂಗುವ ಮಾತ್ರೆಯಲ್ಲಿ ಸ್ಯೂಡೊಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿದ್ದರೂ ಅಲ್ಲಿ ನಿಷಿದ್ಧ. ಯುಎಇಗೆ ಕೋಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಒಯ್ಯುವವರು ಮೊದಲೇ ಅನುಮತಿ ಪಡೆಯಬೇಕು. ಹೋಗುವ ದೇಶದ ರಾಯಭಾರ ಕಚೇರಿಯ ತಾಣದಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಮಾತ್ರೆಗಳು ಮೂಲ ಪ್ಯಾಕಿನಲ್ಲೇ ಇರಲಿ; ಬಣ್ಣದ ಡಬ್ಬಿಗೆ ಸುರಿದಿಟ್ಟರೆ ಯಾವುದು ಏನೆಂದು ಅಧಿಕಾರಿಗೆ ತಿಳಿಯುವುದು ಹೇಗೆ? ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಕಳೆದುಹೋದರೆ ಅಲ್ಲಿಯ ವೈದ್ಯರಿಗೆ ಅರ್ಥವಾಗುವುದು ಅದೇ. ಇನ್ಸುಲಿನ್ ಕಡ್ಡಾಯವಾಗಿ ಕೈಚೀಲದಲ್ಲಿ. ಸರಕಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿದ್ದರೂ ಕೆಲಸಕ್ಕೆ ಬಾರದು.

ವಿಮೆ ಕೊಳ್ಳುವವರು ಮೊತ್ತ ನೋಡುತ್ತಾರೆ, ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪುಟ ನೋಡುವುದಿಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆ ಇರಲೇಬೇಕು. ಆದರೆ ಮೊದಲೇ ಇದ್ದ ಕಾಯಿಲೆ, ಲೈಸೆನ್ಸ್ ಇಲ್ಲದೆ ಓಡಿಸಿದ ಸ್ಕೂಟರು, ಕುಡಿದಾಗ ಆದ ಪೆಟ್ಟು ಅನೇಕ ಪಾಲಿಸಿಗಳಲ್ಲಿ ಹೊರಗೆ. ವಿಮಾ ಸಂಸ್ಥೆಯ ತುರ್ತು ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ.

ದುಡ್ಡು ಮತ್ತು ಫೋನು ಈಗ ಒಂದೇ ಗಂಟು

ಕಾರ್ಡ್ ಇದೆ, ಖಾತೆಯಲ್ಲಿ ಹಣ ಇದೆ, ಆದರೂ ಪಾವತಿ ಆಗುತ್ತಿಲ್ಲ. ಬಹುತೇಕ ಕಾರಣ ಒಟಿಪಿ. ಅಲ್ಲಿ ಇಳಿದ ಕೂಡಲೇ ಹಳೆಯ ಸಿಮ್ ತೆಗೆದು ಹೊಸದು ಹಾಕಿಕೊಂಡಿದ್ದೀರಿ, ಬ್ಯಾಂಕಿನ ಸಂದೇಶ ಮಾತ್ರ ಹಳೆಯ ನಂಬರಿಗೇ ಹೋಗುತ್ತಿದೆ. ಇದಕ್ಕೆ ದಾರಿ ಸುಲಭ: ಫೋನಿನಲ್ಲಿ ಎರಡನೆಯ ಸಿಮ್ಮಿಗೆ ಜಾಗವಿದ್ದರೆ ಅಥವಾ ಅದು ಇ-ಸಿಮ್ (ಕಾರ್ಡಿಲ್ಲದೆ ಫೋನಿನಲ್ಲೇ ಇಳಿಸಿಕೊಳ್ಳುವ ಸಿಮ್) ಒಪ್ಪಿದರೆ, ಇಂಟರ್ನೆಟ್ಟಿಗೆ ಆ ದೇಶದ ಇ-ಸಿಮ್, ಸಂದೇಶಕ್ಕೆ ಮನೆಯ ಸಿಮ್. ಮನೆಯ ಸಿಮ್ಮಿಗೆ ರೋಮಿಂಗ್ ಇರಲಿ, ಆದರೆ ಅದರ ಡೇಟಾ ರೋಮಿಂಗ್ ಆಫ್ ಆಗಿರಲಿ. ಎರಡೂ ಒಂದೇ ಎಂದು ತಿಳಿದವರಿಗೆ ಬಿಲ್ಲು ಬಂದಾಗ ವ್ಯತ್ಯಾಸ ತಿಳಿಯುತ್ತದೆ. ಇಮೇಲಿನ ಎರಡು ಹಂತದ ಪರಿಶೀಲನೆಯೂ ಅದೇ ನಂಬರಿಗೆ ಜೋತುಬಿದ್ದಿದ್ದರೆ ಬ್ಯಾಕಪ್ ಕೋಡುಗಳನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ. ಚೀನಾಕ್ಕೆ ಹೋಗುವುದಾದರೆ ಗೂಗಲ್, ವಾಟ್ಸಾಪ್ ಅಲ್ಲಿಯ ನೆಟ್‌ವರ್ಕಿನಲ್ಲಿ ತೆರೆಯುವುದಿಲ್ಲ ಎಂಬುದು ನೆನಪಿರಲಿ. ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳುವುದು ಎಲ್ಲಿಗೆ ಹೋದರೂ ಒಳ್ಳೆಯದು.

ಅಂಗಡಿಯಲ್ಲಿ ಕಾರ್ಡ್ ಇಟ್ಟಾಗ ಯಂತ್ರ ಕೇಳುತ್ತದೆ: ನಿಮ್ಮ ದೇಶದ ಕರೆನ್ಸಿಯಲ್ಲೋ, ಇಲ್ಲಿಯದ್ದರಲ್ಲೋ? ಪರಿಚಿತ ಕರೆನ್ಸಿ ಕಂಡು ಬೆರಳು ತಾನೇ ಅದರ ಕಡೆ ಹೋಗುತ್ತದೆ. ಒತ್ತಬೇಡಿ. ನಿಮ್ಮ ಕರೆನ್ಸಿ ಆರಿಸಿದರೆ ಪರಿವರ್ತನೆಯ ದರ ನಿರ್ಧರಿಸುವುದು ಅಂಗಡಿಯ ಕಡೆಯ ಪಾವತಿ ಕಂಪನಿ, ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ಎಟಿಎಮ್ಮಿನಲ್ಲೂ ಇದೇ ಪ್ರಶ್ನೆ ಬರುತ್ತದೆ, ಉತ್ತರವೂ ಅದೇ: ಅಲ್ಲಿಯ ಕರೆನ್ಸಿ. ಎರಡು ಬೇರೆ ಬ್ಯಾಂಕುಗಳ ಕಾರ್ಡ್‌ಗಳಿರಲಿ, ಎರಡೂ ಒಂದೇ ಪರ್ಸಿನಲ್ಲಿ ಬೇಡ. ಮೊದಲ ದಿನದ ಓಡಾಟಕ್ಕಾಗುವಷ್ಟು ನಗದು ಸಾಕು. ಹೆಚ್ಚು ಒಯ್ಯುವವರು ತಿಳಿದಿರಬೇಕಾದ್ದು: ಐರೋಪ್ಯ ಒಕ್ಕೂಟದ ಗಡಿಯಲ್ಲಿ 10,000 ಯೂರೊ ಅಥವಾ ಅದಕ್ಕಿಂತ ಹೆಚ್ಚು, ಅಮೆರಿಕದಲ್ಲಿ 10,000 ಡಾಲರ್ ಮೀರಿದರೆ ಘೋಷಿಸಬೇಕು. ಒಯ್ಯುವುದು ತಪ್ಪಲ್ಲ, ಹೇಳದಿರುವುದು ತಪ್ಪು.

ಕೈಚೀಲವೋ, ಸರಕಿನ ಕೋಣೆಯೋ

ಈಗ ಸೂಟ್‌ಕೇಸ್. ಒಂದೊಂದು ವಸ್ತುವನ್ನು ಕೈಗೆತ್ತಿಕೊಂಡಾಗಲೂ ‘ಈ ಪೆಟ್ಟಿಗೆ ನಾಲ್ಕು ದಿನ ಬರದೇ ಇದ್ದರೆ?’ ಎಂದು ಕೇಳಿಕೊಂಡರೆ ಯಾವುದು ಕೈಚೀಲಕ್ಕೆ, ಯಾವುದು ಸರಕಿಗೆ ಎಂಬುದು ತಾನೇ ತೀರ್ಮಾನವಾಗುತ್ತದೆ. ದಾಖಲೆ, ಔಷಧ, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ, ಬೆಲೆಬಾಳುವುದೆಲ್ಲ ಕೈಚೀಲಕ್ಕೆ.

ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕಿನ ವಿಷಯದಲ್ಲಿ ಆಯ್ಕೆಯೇ ಇಲ್ಲ. ಅವು ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಒಳಗೇ ಶಾರ್ಟ್ ಆದರೆ ತನ್ನ ಶಾಖದಿಂದ ತಾನೇ ಇನ್ನಷ್ಟು ಕಾಯುತ್ತಾ ಹೋಗಿ ಹೊತ್ತಿಕೊಳ್ಳುತ್ತದೆ. ಕ್ಯಾಬಿನ್ನಿನಲ್ಲಾದರೆ ಸಿಬ್ಬಂದಿ ನೋಡಿ ನಂದಿಸಬಹುದು, ಸರಕಿನ ಕೋಣೆಯಲ್ಲಿ ಯಾರಿದ್ದಾರೆ? ಬ್ಯಾಟರಿಯಲ್ಲಿ ತುಂಬುವ ಶಕ್ತಿಯನ್ನು ವಾಟ್-ಅವರ್‌ನಲ್ಲಿ ಅಳೆಯುತ್ತಾರೆ; ಮಿತಿ 100 ವಾಟ್-ಅವರ್. 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದರಾಚೆಗೆ ಒಯ್ಯುವಂತಿಲ್ಲ. ಪವರ್ ಬ್ಯಾಂಕಿನ ಮೇಲೆ ಎಂಎಎಚ್ (mAh, ಮಿಲಿಆಂಪಿಯರ್-ಅವರ್) ಮಾತ್ರ ಬರೆದಿದ್ದರೆ ಅದನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಎಂಎಎಚ್ ಎಂದರೆ 74 ವಾಟ್-ಅವರ್. 27,000 ಎಂದರೆ 99.9, ಮಿತಿಯ ಅಂಚಿನಲ್ಲೇ ನಿಂತಿದೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹೊತ್ತಿ ಉರಿಯಿತು. ಅನುಮಾನ ಪವರ್ ಬ್ಯಾಂಕಿನ ಮೇಲೆ ಬಿತ್ತು. ಆಮೇಲೆ ಆ ದೇಶ ಅವನ್ನು ತಲೆಯ ಮೇಲಿನ ಪೆಟ್ಟಿಗೆಯಲ್ಲಿಡುವುದನ್ನೂ ನಿಷೇಧಿಸಿತು. ಈ ನಿಯಮಗಳು ಬಿಗಿಯಾಗುತ್ತಲೇ ಇವೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ದ್ರವಕ್ಕೆ 100 ಮಿಲಿಲೀಟರ್ ಮಿತಿ ಬಂದದ್ದು 2006ರಲ್ಲಿ. ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ಅಡಗಿಸಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚು ಲಂಡನ್ನಿನಲ್ಲಿ ಆಗ ಬಯಲಾಯಿತು. ಮಿತಿ ಇರುವುದು ಬಾಟಲಿಯ ಅಳತೆಗೆ, ಒಳಗೆ ಉಳಿದದ್ದಕ್ಕಲ್ಲ. 200 ಮಿಲಿಲೀಟರಿನ ಟ್ಯೂಬಿನಲ್ಲಿ ಒಂದು ಚಮಚ ಪೇಸ್ಟ್ ಉಳಿದಿದ್ದರೂ ಕಸದ ಬುಟ್ಟಿಗೇ. ಹೊಸ ಸ್ಕ್ಯಾನರ್ ಬಂದಿರುವ ನಿಲ್ದಾಣಗಳಲ್ಲಿ ಮಿತಿ ಸಡಿಲವಾಗಿದೆ. ಆದರೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ಹಳೆಯ ನಿಯಮವೇ ಇರಬಹುದು. ಹಾರುವಾಗ ಕ್ಯಾಬಿನ್ನಿನ ಗಾಳಿಯೊತ್ತಡ ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಪೂರ್ತಿ ಮುಚ್ಚದ ಶಾಂಪೂ ಬಾಟಲಿ ಸೋರುವುದಕ್ಕೆ ಇದೇ ಕಾರಣ. ತುಂಬಾ ಹೊತ್ತು ಕೂತು ಕಾಲೂ ಊದಿಕೊಳ್ಳುತ್ತದೆ, ಬಿಗಿಯಾದ ಹೊಸ ಶೂ ಆ ದಿನ ಬೇಡ.

ಪ್ಲಗ್ಗಿನ ವಿಷಯದಲ್ಲಿ ಒಂದು ಗೊಂದಲ ಸದಾ ಇದೆ. ಅಡಾಪ್ಟರ್ ಮಾಡುವುದು ಪಿನ್ನಿನ ಆಕಾರವನ್ನು ಹೊಂದಿಸುವ ಕೆಲಸ ಮಾತ್ರ, ವೋಲ್ಟೇಜ್ ಬದಲಾಗುವುದಿಲ್ಲ. ಫೋನ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಜ್’ ಎಂದಿದ್ದರೆ ಅಡಾಪ್ಟರ್ ಸಾಕು. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಗಳ ಮೇಲೆ ಸಾಮಾನ್ಯವಾಗಿ ಹಾಗಿರುವುದಿಲ್ಲ. ಜಪಾನಿನ 100 ವೋಲ್ಟಿಗೆಂದು ಮಾಡಿದ್ದನ್ನು ಯುರೋಪಿನ 230ಕ್ಕೆ ಚುಚ್ಚಿದರೆ ಸುಟ್ಟೇಹೋಗುತ್ತದೆ. ಅಂಥವನ್ನು ಮನೆಯಲ್ಲೇ ಬಿಡಿ.

ತೂಕಕ್ಕೆ ಬಂದರೆ, ಹಲವು ವಿಮಾನ ಸಂಸ್ಥೆಗಳಲ್ಲಿ ಒಂದು ಪೆಟ್ಟಿಗೆಗೆ 23 ಕಿಲೊ. ದುಡ್ಡು ಕೊಟ್ಟರೂ ಒಂದೇ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 32 ಕಿಲೊ ಮೀರುವಂತಿಲ್ಲ, ಎತ್ತುವವರ ಬೆನ್ನಿನ ಕಾಳಜಿಯಿಂದ ಬಂದ ಮಿತಿ ಇದು. ಹಳೆಯ ಪ್ರಯಾಣದ ಬಾರ್‌ಕೋಡ್ ಪಟ್ಟಿಗಳನ್ನು ಕಿತ್ತುಹಾಕಿ, ಹೆಸರು-ನಂಬರನ್ನು ಪೆಟ್ಟಿಗೆಯ ಒಳಗೂ ಇಡಿ, ಮುಚ್ಚುವ ಮುಂಚೆ ಒಳಗಿನದ್ದರ, ಮುಚ್ಚಿದ ಮೇಲೆ ಹೊರಗಿನದ್ದರ ಫೋಟೊ ತೆಗೆಯಿರಿ. ಪೆಟ್ಟಿಗೆ ಬರದಿದ್ದರೆ ನಿಲ್ದಾಣ ಬಿಡುವ ಮುಂಚೆಯೇ ದೂರು ಬರೆಸಿ ಅದರ ಸಂಖ್ಯೆ ಪಡೆಯಬೇಕು. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನವಾದರೂ ಬರದಿದ್ದರೆ ಕಳೆದುಹೋದಂತೆಯೇ ಲೆಕ್ಕ. ಪರಿಹಾರದ ಮೇಲ್ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕನಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಅದು ಗರಿಷ್ಠ ಮಿತಿ, ನಷ್ಟವನ್ನು ತೋರಿಸಿದಷ್ಟೇ ಸಿಗುವುದು. ಆಗ ಆ ಫೋಟೊಗಳು ಬೇಕಾಗುತ್ತವೆ.

ಒಯ್ಯಬಾರದ್ದರ ಬಗ್ಗೆ ಎರಡು ಮಾತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ವಿಮಾನದಲ್ಲಿ ಕೊಟ್ಟ ಹಣ್ಣೊಂದನ್ನು ಮರೆತು ಚೀಲದಲ್ಲಿಟ್ಟುಕೊಂಡು ಇಳಿದರೂ ದಂಡ ಬೀಳಬಹುದು. ಅನುಮಾನವಿದ್ದರೆ ಫಾರಂನಲ್ಲಿ ‘ಹೌದು’ ಎಂದು ಗುರುತು ಹಾಕಿ ತೋರಿಸಿ. ಹೆಚ್ಚೆಂದರೆ ವಸ್ತು ಹೋಗುತ್ತದೆ. ಸಿಂಗಾಪುರ, ಥಾಯ್ಲೆಂಡ್‌ಗಳಲ್ಲಿ ಇ-ಸಿಗರೇಟು ಕಾನೂನುಬಾಹಿರ. ಇನ್ನು ‘ಅಲ್ಲಿ ನಮ್ಮವರೊಬ್ಬರು ಬಂದು ಇಸಿದುಕೊಳ್ಳುತ್ತಾರೆ’ ಎಂದು ಯಾರೋ ಕೊಡುವ ಕಟ್ಟು: ನೀವೇ ಬಿಚ್ಚಿ ನೋಡಿ ತುಂಬಿಸಿದ್ದಲ್ಲದಿದ್ದರೆ ಬೇಡ. ದಾಕ್ಷಿಣ್ಯಕ್ಕೆ ಒಳಗಾಗಬೇಡಿ.

ಹೊರಡುವ ಹಿಂದಿನ ದಿನ ಟಿಕೆಟಿನ ಸಮಯವನ್ನು ಮತ್ತೊಮ್ಮೆ ಓದಿ. ದೂರದ ವಿಮಾನಗಳಲ್ಲಿ ಅನೇಕವು ನಡುರಾತ್ರಿ ದಾಟಿ ಹೊರಡುತ್ತವೆ. 15ನೇ ತಾರೀಖು 00:35 ಎಂದಿದ್ದರೆ ನೀವು ನಿಲ್ದಾಣದಲ್ಲಿರಬೇಕಾದ್ದು 14ರ ರಾತ್ರಿ, ಒಂಬತ್ತೂವರೆ ಹೊತ್ತಿಗೆ. 15ರ ರಾತ್ರಿ ಹೋದರೆ ವಿಮಾನ ಹೋಗಿ ಪೂರ್ತಿ ಒಂದು ದಿನವಾಗುತ್ತಾ ಬಂದಿರುತ್ತದೆ. ಹೋಗುವ ವಿಮಾನವನ್ನು ಹತ್ತದಿದ್ದರೆ ಅದೇ ಟಿಕೆಟಿನ ವಾಪಸ್ ಪ್ರಯಾಣವನ್ನೂ ಅನೇಕ ಸಂಸ್ಥೆಗಳು ರದ್ದು ಮಾಡುತ್ತವೆ.